ಬಲೆ ಹೆಣೆಯುವ ಹುಡುಗನಿಗೆ ಬರೆಯಲು ಕಲಿಸುವುದು

ಅಂಕೋಲಾ ತಾಲ್ಲೂಕಿನ ಕಡಲ ಬದಿಯ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಆರನೆಯ ತರಗತಿಗೆ ಕನ್ನಡ ಮತ್ತು ಗಣಿತ ಕಲಿಸುತ್ತಿದ್ದ ದಿನಗಳಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಊಟದ ಬಿಡುವಿನಲ್ಲಿ ಅವನು ಶಾಲೆಯ ಹಿಂದಿನ ಗಾಳಿಮರಗಳ ನೆರಳಿನಲ್ಲಿ ಕುಳಿತು, ಮನೆಯಿಂದ ತಂದ ಹರಿದ ಬಲೆಯ ತುಂಡನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹೆಣೆಯುತ್ತಿದ್ದ. ನೂಲು ಸುತ್ತಿದ ಸೂಜಿ ಅವನ ಬೆರಳುಗಳ ನಡುವೆ ಓಡುವುದನ್ನೂ, ಬಲೆಯ ಒಂದು ಕಣ್ಣಿಗೂ ಇನ್ನೊಂದು ಕಣ್ಣಿಗೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಗಂಟು ಬೀಳುವುದನ್ನೂ ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಅದೇ ಬೆರಳುಗಳಿಗೆ ಪೆನ್ಸಿಲ್ ಕೊಟ್ಟರೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಅರ್ಧ ಗಂಟೆ ಕಳೆಯುತ್ತಿತ್ತು. ಒತ್ತಕ್ಷರಗಳು ಬಿಟ್ಟುಹೋಗುತ್ತಿದ್ದವು, ವಾಕ್ಯ ಮುಗಿಯುವ ಮೊದಲೇ ಅವನ ಮುಖ ಬಾಡುತ್ತಿತ್ತು.

ಅದೇ ವರ್ಷ ನಾನು ಒಂದು ತರಬೇತಿಗೆ ಹೋಗಿ ಬಂದೆ. ಪ್ರತಿಯೊಂದು ಮಗುವಿಗೂ ತನ್ನದೇ ಆದ ಕಲಿಕಾ ಶೈಲಿ ಇರುತ್ತದೆ, ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ ಕಲಿಯುತ್ತಾರೆ, ಇನ್ನು ಕೆಲವರು ಕೈಯಿಂದ ಮಾಡಿ ಕಲಿಯುತ್ತಾರೆ, ಆದ್ದರಿಂದ ಮಗುವಿನ ಶೈಲಿಯನ್ನು ಗುರುತಿಸಿ ಅದಕ್ಕೆ ಹೊಂದುವ ಹಾಗೆ ಪಾಠ ಮಾಡಬೇಕು ಎಂದು ಅಲ್ಲಿ ಹೇಳಿಕೊಟ್ಟರು. ಆ ಮಾತು ನನಗೆ ಬಹಳ ಹಿಡಿಸಿತು. ಮರಳಿ ಬಂದವಳೇ ಒಂದು ಪ್ರಶ್ನಾವಳಿ ಸಿದ್ಧಪಡಿಸಿ, ಮಕ್ಕಳಿಂದ ಉತ್ತರ ಪಡೆದು, ಹಾಜರಿ ಪುಸ್ತಕದ ಹಿಂಬದಿಯಲ್ಲಿ ಪ್ರತಿಯೊಬ್ಬರ ಹೆಸರಿನ ಎದುರಿಗೆ ಅವರವರ ಶೈಲಿಯನ್ನು ಬರೆದಿಟ್ಟೆ. ಬಲೆ ಹೆಣೆಯುವ ಹುಡುಗನ ಎದುರಿಗೆ ‘ಮಾಡಿ ಕಲಿಯುವವನು’ ಎಂದು ಬರೆಯಲು ನನಗೆ ಪ್ರಶ್ನಾವಳಿಯ ಅಗತ್ಯವೇ ಇರಲಿಲ್ಲ. ಅಂದಿನಿಂದ ಅವನಿಗೆ ಮಾದರಿ ತಯಾರಿಸುವ ಕೆಲಸ, ಮಣ್ಣಿನ ಕೆಲಸ, ಗೋಡೆಯ ಮೇಲೆ ಚಿತ್ರಪಟ ಅಂಟಿಸುವ ಕೆಲಸ ಕೊಡತೊಡಗಿದೆ. ಬರೆಯುವ ಸರದಿ ಬಂದಾಗ ಅವನನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದೆ. ಅವನು ಸಂತೋಷವಾಗಿದ್ದ, ನಾನೂ ಅವನಿಗೆ ನ್ಯಾಯ ಮಾಡುತ್ತಿದ್ದೇನೆಂದು ನಂಬಿದ್ದೆ.

ದಸರಾ ರಜೆಯ ನಂತರ ಒಂದು ಬೆಳಿಗ್ಗೆ ಅವನ ತಾಯಿ ಮೀನಿನ ಬುಟ್ಟಿಯನ್ನು ಶಾಲೆಯ ಗೇಟಿನ ಹತ್ತಿರ ಇಳಿಸಿ ಒಳಗೆ ಬಂದರು. ಮಗ ಚೆನ್ನಾಗಿ ಕಲಿಯುತ್ತಿದ್ದಾನೆಯೇ ಎಂದು ಕೇಳಿದರು. ಅವನ ಕೈಚಳಕವನ್ನು ನಾನು ಮನಸಾರೆ ಹೊಗಳಿ, ಅವನು ಕೈಯಿಂದ ಮಾಡಿ ಕಲಿಯುವ ಹುಡುಗನಾದ್ದರಿಂದ ಬರವಣಿಗೆಯ ಒತ್ತಾಯ ಮಾಡುತ್ತಿಲ್ಲ ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದ್ದು ಇಷ್ಟು: “ಅಕ್ಕೋರೇ, ಬಲೆ ಹೆಣೆಯೂಕೆ ಅವ ಅಪ್ಪನ ಹತ್ರ ಮನೇಲೇ ಕಲ್ತಾ. ಬರೆಯೂಕೆ ಕಲಿಸ್ತ್ರಿ ಅಂತ ನಿಮ್ಮ ಹತ್ರ ಕಳ್ಸಿದ್ದು.”

ನನ್ನಲ್ಲಿ ಉತ್ತರವಿರಲಿಲ್ಲ. ಆ ದಿನದಿಂದ ಈ ವಿಷಯವನ್ನು ನಾನು ಮತ್ತೆ ಮೊದಲಿನಿಂದ ಓದಲು ಶುರುಮಾಡಿದೆ, ಮತ್ತು ತರಬೇತಿಯಲ್ಲಿ ಒಂದೇ ಉಸಿರಿನಲ್ಲಿ ಹೇಳಿದ್ದ ಬಹುಮುಖ ಬುದ್ಧಿಶಕ್ತಿ, ಕಲಿಕಾ ಶೈಲಿ ಎಂಬ ಎರಡು ಮಾತುಗಳು ಮೂಲದಲ್ಲಿ ಬೇರೆ ಬೇರೆಯಾಗಿವೆ ಎಂಬುದನ್ನು ತಿಳಿದುಕೊಂಡೆ.

ಬಹುಮುಖ ಬುದ್ಧಿಶಕ್ತಿಯ ಸಿದ್ಧಾಂತವನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಹೋವರ್ಡ್ ಗಾರ್ಡ್ನರ್ ಅವರು 1983ರಲ್ಲಿ ಮಂಡಿಸಿದರು. ಬುದ್ಧಿಶಕ್ತಿ ಎಂಬುದು ಒಂದೇ ಅಂಕಿಯಲ್ಲಿ ಅಳೆದು ಮುಗಿಸಬಹುದಾದ ವಸ್ತುವಲ್ಲ ಎಂಬುದು ಅವರ ಮುಖ್ಯ ವಾದ. ಮಿದುಳಿಗೆ ಪೆಟ್ಟು ಬಿದ್ದವರಲ್ಲಿ ಮಾತು ಹೋದರೂ ಸಂಗೀತ ಉಳಿದಿರುವುದು, ಒಂದು ಸಾಮರ್ಥ್ಯ ಕುಂದಿದರೂ ಇನ್ನೊಂದು ಹಾಗೆಯೇ ಇರುವುದು ಇಂಥ ಸಂಗತಿಗಳನ್ನು ಆಧಾರವಾಗಿಟ್ಟುಕೊಂಡು ಅವರು ಮೊದಲು ಏಳು ಬಗೆಗಳನ್ನು ಹೆಸರಿಸಿದರು: ಭಾಷೆ, ತರ್ಕ ಮತ್ತು ಗಣಿತ, ಸ್ಥಳ ಮತ್ತು ಆಕಾರಗಳ ಕಲ್ಪನೆ, ಸಂಗೀತ, ದೇಹದ ಚಲನೆ, ಇತರರನ್ನು ಅರಿಯುವುದು, ತನ್ನನ್ನು ತಾನು ಅರಿಯುವುದು. 1990ರ ದಶಕದಲ್ಲಿ ಇದಕ್ಕೆ ನಿಸರ್ಗವನ್ನು ಅರಿಯುವ ಬುದ್ಧಿ ಎಂಟನೆಯದಾಗಿ ಸೇರಿತು. ಈ ಸಾಮರ್ಥ್ಯಗಳು ನಿಜವಾಗಿಯೂ ಒಂದಕ್ಕೊಂದು ಸ್ವತಂತ್ರವೇ ಎಂದು ಅನೇಕ ಮನೋವಿಜ್ಞಾನಿಗಳು ಪ್ರಶ್ನಿಸಿದ್ದಾರೆ; ಪರೀಕ್ಷೆಗಳಲ್ಲಿ ಅಳೆದಾಗ ಒಂದರಲ್ಲಿ ಮುಂದಿರುವವರು ಇತರ ಹಲವು ಸಾಮರ್ಥ್ಯಗಳಲ್ಲಿಯೂ ಮುಂದಿರುವುದು ಸಾಮಾನ್ಯವಾಗಿ ಕಾಣುತ್ತದೆ. ಆ ಚರ್ಚೆ ಏನೇ ಇರಲಿ, ಮಗುವಿನ ಮೇಲೆ ಹಣೆಪಟ್ಟಿ ಹಚ್ಚಬೇಕೆಂದು ಗಾರ್ಡ್ನರ್ ಹೇಳಲಿಲ್ಲ. ಬಹುಮುಖ ಬುದ್ಧಿಶಕ್ತಿಯೂ ಕಲಿಕಾ ಶೈಲಿಯೂ ಒಂದೇ ಅಲ್ಲ ಎಂದು ಅವರೇ 2013ರಲ್ಲಿ ಸ್ಪಷ್ಟವಾಗಿ ಬರೆದರು.

ನೋಡಿ, ಕೇಳಿ, ಮಾಡಿ ಕಲಿಯುವವರೆಂಬ ವಿಂಗಡಣೆಯ ವಂಶವೇ ಬೇರೆ. ಅದರ ಹೆಚ್ಚು ಬಳಕೆಯಲ್ಲಿರುವ ಒಂದು ರೂಪವನ್ನು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಅವರು ರೂಪಿಸಿ, 1992ರಲ್ಲಿ ಪ್ರಕಟಿಸಿದರು. ಅದರಲ್ಲಿ ಓದಿ ಬರೆದು ಕಲಿಯುವವರು ಎಂಬ ನಾಲ್ಕನೆಯ ಬಗೆಯೂ ಇದೆ. ಮಕ್ಕಳಿಗೆ ಇಷ್ಟಾನಿಷ್ಟಗಳು ಇರುತ್ತವೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಇಷ್ಟಪಟ್ಟ ಬಗೆಯಲ್ಲಿಯೇ ಕಲಿಸಿದರೆ ಹೆಚ್ಚು ಕಲಿಯುತ್ತಾರೆಯೇ ಎಂಬುದು ನಿಜವಾದ ಪ್ರಶ್ನೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನು ಮೂವರು ಮನೋವಿಜ್ಞಾನಿಗಳು ಆವರೆಗಿನ ಅಧ್ಯಯನಗಳನ್ನು ಪರಿಶೀಲಿಸುವಾಗ ಹಿಡಿದ ಒರೆಗಲ್ಲು ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ. ‘ನೋಡಿ ಕಲಿಯುವ’ ಮಕ್ಕಳಲ್ಲಿ ಅರ್ಧದಷ್ಟು ಜನರಿಗೆ ತೋರಿಸಿ, ಉಳಿದರ್ಧಕ್ಕೆ ಹೇಳಿ ಕಲಿಸಬೇಕು. ‘ಕೇಳಿ ಕಲಿಯುವ’ ಮಕ್ಕಳನ್ನೂ ಹಾಗೆಯೇ ಎರಡು ಪಾಲು ಮಾಡಬೇಕು. ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ ಕೊಡಬೇಕು. ಮೊದಲಿನವರು ತೋರಿಸಿದಾಗ, ಎರಡನೆಯವರು ಹೇಳಿದಾಗ ಮೇಲುಗೈ ಪಡೆದರೆ ಮಾತ್ರ ಶೈಲಿಗೆ ತಕ್ಕ ಪಾಠದಿಂದ ಉಪಯೋಗವಿದೆ ಎನ್ನಬಹುದು. ಈ ಒರೆಗೆ ನಿಲ್ಲುವ ಸಾಕಷ್ಟು ಪುರಾವೆ ಅವರಿಗೆ ಸಿಗಲಿಲ್ಲ.

ಇದನ್ನು ಓದಿದ ಮೇಲೆ ನಾನು ಹಾಜರಿ ಪುಸ್ತಕದ ಹಿಂಬದಿಯನ್ನು ಮತ್ತೊಮ್ಮೆ ತೆರೆದು ಒಂದೊಂದೇ ಹೆಸರನ್ನು ನೋಡುತ್ತ ಹೋದೆ. ಒಬ್ಬ ಹುಡುಗಿಯ ಎದುರಿಗೆ ‘ಕೇಳಿ ಕಲಿಯುವವಳು’ ಎಂದಿತ್ತು, ಏಕೆಂದರೆ ಅವಳು ಹಲಗೆಯ ಕಡೆ ನೋಡದೆ ತಲೆ ತಗ್ಗಿಸಿ ಕೇಳುತ್ತಿದ್ದಳು. ಡಿಸೆಂಬರಿನಲ್ಲಿ ಶಾಲೆಗೆ ಆರೋಗ್ಯ ತಪಾಸಣೆಯವರು ಬಂದಾಗ ಅವಳಿಗೆ ದೂರದ ಅಕ್ಷರ ಕಾಣುವುದೇ ಇಲ್ಲವೆಂಬುದು ಗೊತ್ತಾಯಿತು. ಕನ್ನಡಕ ಬಂದ ವಾರ ಅವಳು ಮುಂದಿನ ಸಾಲಿನಲ್ಲಿ ಕುಳಿತು, ಹಲಗೆಯ ಮೇಲೆ ನಾನು ಬಿಟ್ಟಿದ್ದ ಒಂದು ದೀರ್ಘವನ್ನು ಬೆರಳು ತೋರಿಸಿ ತಿದ್ದಿದಳು. ಅರ್ಧ ವರ್ಷ ನಾನು ಅವಳ ಕಣ್ಣಿನ ತೊಂದರೆಗೆ ಕಲಿಕಾ ಶೈಲಿಯೆಂದು ಹೆಸರಿಟ್ಟು ಸುಮ್ಮನಿದ್ದೆ. ಈ ಮಾತನ್ನು ಬರೆಯುವಾಗ ಇಂದಿಗೂ ನನಗೆ ಸಂಕಟವಾಗುತ್ತದೆ.

ಇನ್ನೊಬ್ಬನ ಎದುರಿಗೆ ‘ಒಬ್ಬನೇ ಕಲಿಯಲು ಇಷ್ಟಪಡುವವನು’ ಎಂದಿತ್ತು. ಅವನು ಕಾರವಾರದ ಕಡೆಯಿಂದ ಆ ವರ್ಷವೇ ಬಂದು ಸೇರಿದ್ದ ಕೊಂಕಣಿ ಮನೆಮಾತಿನ ಹುಡುಗ. ಗುಂಪಿನಲ್ಲಿ ಬಾಯಿ ಬಿಡುತ್ತಿರಲಿಲ್ಲ, ಗುಂಪು ಬೇಡವೆನ್ನುತ್ತಿದ್ದ. ಕೊಂಕಣಿ ಬಲ್ಲ ಇನ್ನಿಬ್ಬರ ಜೊತೆ ಕೂಡಿಸಿದ ದಿನ ಅವನು ಮೂವರಲ್ಲಿ ಎಲ್ಲರಿಗಿಂತ ಹೆಚ್ಚು ಮಾತನಾಡಿದ. ನಮ್ಮ ಜಿಲ್ಲೆಯ ತರಗತಿಯಲ್ಲಿ ಈ ಸಂಗತಿಯನ್ನು ಶಿಕ್ಷಕರು ಯಾವ ಸಿದ್ಧಾಂತಕ್ಕಿಂತಲೂ ಮೊದಲು ಗಮನಿಸಬೇಕೆಂದು ನಾನು ತಿಳಿಯುತ್ತೇನೆ. ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಘಟ್ಟದ ಮೇಲೆ ಹವಿಗನ್ನಡ, ಅಂಕೋಲಾ ಕುಮಟಾಗಳಲ್ಲಿ ಹಾಲಕ್ಕಿ ಸಮುದಾಯದವರ ಕನ್ನಡ, ಯಲ್ಲಾಪುರ ಹಳಿಯಾಳಗಳ ಸಿದ್ದಿ ಮಕ್ಕಳ ಮನೆಯ ಮಾತು, ಇವೆಲ್ಲವೂ ಪಠ್ಯಪುಸ್ತಕದ ಕನ್ನಡದಿಂದ ಬೇರೆ ಬೇರೆ ದೂರದಲ್ಲಿವೆ. ಮಗು ಸುಮ್ಮನಿದ್ದರೆ ಅದು ಬುದ್ಧಿಯ ಬಗೆಯೋ, ಮಾತಿನ ತೊಡಕೋ, ಹಸಿವೋ, ಕಣ್ಣಿನ ದೋಷವೋ ಎಂಬುದನ್ನು ಇಪ್ಪತ್ತು ಪ್ರಶ್ನೆಗಳ ಕಾಗದ ಹೇಳಲಾರದು.

ಹಾಗಾದರೆ ಎಲ್ಲರಿಗೂ ಒಂದೇ ರೀತಿ ಹಲಗೆಯ ಮೇಲೆ ಬರೆದು, ಓದಿಸಿ, ಮುಗಿಸುವುದೇ ಸರಿಯೆಂದು ನಾನು ಹೇಳುತ್ತಿಲ್ಲ. ಒಂದೇ ಪಾಠಕ್ಕೆ ಹಲವು ಕಡೆಯಿಂದ ಪ್ರವೇಶ ಒದಗಿಸಬೇಕು, ಮತ್ತು ಆ ಹಲವು ಕಡೆಗಳಿಂದಲೂ ಎಲ್ಲ ಮಕ್ಕಳೂ ಹಾದುಹೋಗಬೇಕು ಎಂಬುದು ಈಗ ನನ್ನ ನಂಬಿಕೆ. ಯಾವ ಕಡೆಯಿಂದ ಎಂಬುದನ್ನು ಮಗುವಿನ ಹಣೆಪಟ್ಟಿಗಿಂತ ಹೆಚ್ಚಾಗಿ ಪಾಠದ ವಸ್ತುವೇ ನಿರ್ಧರಿಸುತ್ತದೆ. ಕಾಳಿ ನದಿ ಎಲ್ಲಿ ಸಮುದ್ರ ಸೇರುತ್ತದೆ ಎಂಬುದನ್ನು ನಕ್ಷೆಯಲ್ಲಿ ನೋಡಲೇಬೇಕು, ಕೇಳಿ ಕಲಿಯುವೆನೆಂಬ ಮಗುವೂ ನೋಡಬೇಕು. ಹಳಗನ್ನಡದ ಪದ್ಯ ಕಿವಿಗೆ ಬೀಳದೆ ಅದರ ನಡೆ ತಿಳಿಯದು. ಕಡಲ ಭರತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ ಎಂಬುದನ್ನು ನಾನು ಹೇಳಿದರೆ ಒಂದು ವಾಕ್ಯ. ಮಕ್ಕಳು ಒಂದು ವಾರ ತಮ್ಮ ಮನೆಯ ದೊಡ್ಡವರನ್ನು ಕೇಳಿ ಹೊತ್ತು ಬರೆದು ತಂದು, ಕೋಷ್ಟಕ ಮಾಡಿ, ಕಳೆಯುವ ಲೆಕ್ಕ ಮಾಡಿದಾಗ ಅದು ಗಡಿಯಾರದ ಗಣಿತವೂ ಆಗುತ್ತದೆ, ಚಂದ್ರನ ಪಾಠವೂ ಆಗುತ್ತದೆ.

ಮುಂದೆ ನನಗೆ ಶಿರಸಿಯ ಕಡೆಗೆ ವರ್ಗವಾಯಿತು. ಅಡಿಕೆ ತೋಟಗಳ ನಡುವಿನ ಚಿಕ್ಕ ಶಾಲೆ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ನಲಿಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯ ಒಂದೇ ಕೊಠಡಿಯಲ್ಲಿ. ನಲಿಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಸರಕಾರಿ ಶಿಕ್ಷಕರಿಂದ ಆರಂಭವಾಯಿತು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿದೆ. ಕಾರ್ಡುಗಳು, ಹಾಡುಗಳು, ಕಲಿಕೆಯ ಮೆಟ್ಟಿಲು, ಗೋಡೆಯ ತಳದಲ್ಲಿ ಮಕ್ಕಳೇ ಬರೆಯುವ ಕರಿಹಲಗೆಯ ಪಟ್ಟಿ, ಇವೆಲ್ಲವನ್ನೂ ದೂರದಿಂದ ನೋಡಿದವರು ಅದನ್ನು ಆಟವೆಂದು ಭಾವಿಸುತ್ತಾರೆ. ನಾನು ಅದರಲ್ಲಿ ಕಂಡ ದೊಡ್ಡ ಗುಣ ಬೇರೆ. ಅಲ್ಲಿ ಮಗು ಶಿಕ್ಷಕರ ನೆರವಿನ ಗುಂಪಿನಿಂದ ಗೆಳೆಯರ ನೆರವಿನ ಗುಂಪಿಗೆ, ಅಲ್ಲಿಂದ ತಾನೇ ಕಲಿಯುವ ಗುಂಪಿಗೆ, ಹೊಸ ಮೈಲಿಗಲ್ಲು ಬಂದಾಗ ಮರಳಿ ಶಿಕ್ಷಕರ ಹತ್ತಿರಕ್ಕೆ ಚಲಿಸುತ್ತಲೇ ಇರುತ್ತದೆ. ಇಂದು ಯಾವ ಗುಂಪಿನಲ್ಲಿ ಕೂರಬೇಕು ಎಂಬುದು ಇಂದಿನ ಕಾರ್ಡನ್ನು ಅವಲಂಬಿಸಿದೆ. ‘ನೀನು ಇಂಥವನು’ ಎಂಬ ಮಾತು ಅಲ್ಲಿ ಬರುವುದೇ ಇಲ್ಲ. ಅಡಿಕೆ ಕೊನೆ ಕೊಯ್ಲಿನ ದಿನಗಳಲ್ಲಿ ಕೂಲಿಯವರ ಮಕ್ಕಳು ವಾರಗಟ್ಟಲೆ ಬಾರದೆ ಇದ್ದು ಮರಳಿದಾಗ, ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುವ ಅನುಕೂಲವೂ ಅದರಲ್ಲಿದೆ. ಒಬ್ಬರೇ ಶಿಕ್ಷಕರಿಗೆ ಮೂವತ್ತು ಮಕ್ಕಳಿದ್ದರೆ ಆ ಪದ್ಧತಿ ಎಷ್ಟು ಬಳಲಿಸುತ್ತದೆ ಎಂಬುದನ್ನೂ ನಾನು ಬಲ್ಲೆ.

ಅದೇ ಶಾಲೆಯ ಏಳನೆಯ ತರಗತಿಯಲ್ಲಿ ಲಘುತಮ ಸಾಮಾನ್ಯ ಅಪವರ್ತ್ಯ, ನಾವು ಶಾಲೆಯಲ್ಲಿ ಲಸಾಅ ಎನ್ನುವುದು, ಮಕ್ಕಳಿಗೆ ಮರೆತುಹೋಗಿತ್ತು. ವಿಧಾನ ಗೊತ್ತಿತ್ತು, ಏನನ್ನು ಹುಡುಕುತ್ತಿದ್ದೇವೆ ಎಂಬುದು ಗೊತ್ತಿರಲಿಲ್ಲ. ಊರಿನಲ್ಲಿ ಯಕ್ಷಗಾನದ ಹೆಜ್ಜೆ ಕಲಿಯುವ ನಾಲ್ಕಾರು ಮಕ್ಕಳಿದ್ದುದರಿಂದ ನಾನು ಲೆಕ್ಕವನ್ನು ತಾಳದಿಂದ ಆರಂಭಿಸಿದೆ. ತರಗತಿಯ ಅರ್ಧ ಭಾಗ ನಾಲ್ಕು ಎಣಿಕೆಯ ಏಕತಾಳವನ್ನೂ ಉಳಿದರ್ಧ ಆರು ಎಣಿಕೆಯ ರೂಪಕವನ್ನೂ ಒಂದೇ ವೇಗದಲ್ಲಿ ಹಾಕಬೇಕು. ಪ್ರತಿ ಆವರ್ತದ ಮೊದಲ ಪೆಟ್ಟನ್ನು ಮಾತ್ರ ಡೆಸ್ಕಿನ ಮೇಲೆ ಜೋರಾಗಿ ಬಡಿಯಬೇಕು. ಮೊದಲ ಎರಡು ಪ್ರಯತ್ನಗಳು ಗದ್ದಲದಲ್ಲಿ ಮುಗಿದವು. ಮೂರನೆಯ ಸಲ ಸರಿಯಾಗಿ ಕೂಡಿಬಂತು. ಡೆಸ್ಕಿನ ಪೆಟ್ಟುಗಳು ಬೇರೆ ಬೇರೆಯಾಗಿ ಬೀಳುತ್ತ ಹೋಗಿ, 12 ಎಣಿಕೆ ಕಳೆದ ಕೂಡಲೇ ಎರಡೂ ಕಡೆಯ ಕೈಗಳು ಒಟ್ಟಿಗೆ ಬಿದ್ದಾಗ ಇಡೀ ಕೊಠಡಿ ಒಮ್ಮೆಲೇ ನಕ್ಕಿತು. ಮತ್ತೆ ಯಾವಾಗ ಕೂಡುತ್ತೇವೆ ಎಂದು ನಾನು ಕೇಳುವ ಮೊದಲೇ ಹಿಂದಿನ ಬೆಂಚಿನಿಂದ “24ಕ್ಕೆ” ಎಂಬ ಉತ್ತರ ಬಂತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಅದು ಒಂದು ಚಂದದ ಚಟುವಟಿಕೆಯಾಗಿ ಮುಗಿಯುತ್ತಿತ್ತು. ಇಂಥ ಹಲವು ಚಟುವಟಿಕೆಗಳನ್ನು ನಾನು ಹಿಂದೆ ಹಾಗೆಯೇ ಮುಗಿಸಿದ್ದೆ. ಈ ಸಲ ಮುಂದಿನ ಪ್ರಶ್ನೆಯಾಗಿ 8 ಮತ್ತು 15ನ್ನು ಕೊಟ್ಟೆ. ಮಕ್ಕಳು ಉತ್ಸಾಹದಿಂದಲೇ ಬಡಿಯತೊಡಗಿದರು. ನಲವತ್ತು ಐವತ್ತರ ಹೊತ್ತಿಗೆ ಎಣಿಕೆ ತಪ್ಪಿತು, ಕೈ ಸೋತಿತು, ಇದು ಕೂಡುವುದೇ ಇಲ್ಲವೆಂದು ಕೆಲವರು ವಾದಿಸಿದರು. ಆಗ ಹೆಜ್ಜೆ ಕಲಿಯುತ್ತಿದ್ದ ಹುಡುಗಿಯೊಬ್ಬಳು ತಾನಾಗಿಯೇ ಎದ್ದು ಹಲಗೆಯ ಮೇಲೆ 8ರ ಮಗ್ಗಿ ಮತ್ತು 15ರ ಮಗ್ಗಿಯನ್ನು ಅಕ್ಕಪಕ್ಕ ಬರೆಯುತ್ತ ಹೋದಳು, 120ರಲ್ಲಿ ನಿಂತಳು. ಕೈಚಪ್ಪಾಳೆಯಿಂದ ಸಾಧ್ಯವಾಗದ್ದನ್ನು ಅಂಕಿಗಳು ಮಾಡಿಕೊಡುತ್ತವೆ ಎಂಬುದು ಅವರಿಗೆ ಅಂದು ಕೈಯ ನೋವಿನ ಮೂಲಕವೇ ತಿಳಿಯಿತು. ಅವಿಭಾಜ್ಯ ಅಪವರ್ತನಗಳ ವಿಧಾನವನ್ನು ಮರುದಿನ ಹೇಳಿಕೊಟ್ಟಾಗ ಅದು ಅವರಿಗೆ ಬೇಕಾಗಿದ್ದ ವಸ್ತುವಾಗಿತ್ತು. ತಾಳದಲ್ಲಿ ಒಲವಿಲ್ಲದ, ತಾಳ ತಪ್ಪಿಸುತ್ತಲೇ ಇದ್ದ ಮಕ್ಕಳೂ ಅದೇ ದಾರಿಯಲ್ಲಿ ಬಂದರು. ವಾರ ಕಳೆದ ಮೇಲೆ ಚಪ್ಪಾಳೆಯಿಲ್ಲದೆ, ಪುಸ್ತಕ ಮುಚ್ಚಿ, ನೆನಪಿನಿಂದ ಬಿಡಿಸುವಂತೆ ಹೇಳಿದೆ, ಎರಡು ವಾರದ ನಂತರ ಮತ್ತೊಮ್ಮೆ. ಕಲಿತದ್ದನ್ನು ಬಿಡುವು ಕೊಟ್ಟು ಮತ್ತೆ ಮತ್ತೆ ನೆನಪಿನಿಂದ ಹೊರತೆಗೆಯುವ ಈ ಅಭ್ಯಾಸ ಎಲ್ಲ ಬಗೆಯ ಮಕ್ಕಳಿಗೂ ಉಪಯೋಗವಾಗುತ್ತದೆ ಎಂಬುದಕ್ಕೆ ಕಲಿಕಾ ಶೈಲಿಗಿಂತ ಎಷ್ಟೋ ಗಟ್ಟಿಯಾದ ಸಂಶೋಧನೆಯ ಬೆಂಬಲವಿದೆ. ಚಿತ್ರವನ್ನೂ ಮಾತನ್ನೂ ಒಟ್ಟಿಗೆ ಕೊಡುವುದಕ್ಕೂ ಇದೆ.

ಬುದ್ಧಿಶಕ್ತಿಯ ಬಹುಮುಖತೆಯ ಮಾತು ಬಂದಾಗ ನಮ್ಮ ಜಿಲ್ಲೆಯ ಶಿಕ್ಷಕರ ಸಭೆಗಳಲ್ಲಿ ಎರಡು ಹೆಸರುಗಳು ತಪ್ಪದೆ ಬರುತ್ತವೆ. ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿಯುತ್ತ, ಕಾಡಿನಲ್ಲಿ ತಾಯಿಮರವನ್ನು ಗುರುತಿಸಿ ತಕ್ಕ ಹೊತ್ತಿನಲ್ಲಿ ಬೀಜ ಆರಿಸುವ ಅರಿವಿನಿಂದ ಹೆಸರಾದವರು. ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿಗಳ ಅಸಂಖ್ಯ ಹಾಡುಗಳನ್ನು ನೆನಪಿನಲ್ಲಿಯೇ ಇಟ್ಟುಕೊಂಡಿದ್ದವರು. ಸುಕ್ರಜ್ಜಿಗೆ 2017ರಲ್ಲಿ, ತುಳಸಜ್ಜಿಗೆ 2020ರ ಸಾಲಿನಲ್ಲಿ ಪದ್ಮಶ್ರೀ ಬಂತು. 2024ರ ಡಿಸೆಂಬರಿನಲ್ಲಿ ಒಬ್ಬರು, 2025ರ ಫೆಬ್ರುವರಿಯಲ್ಲಿ ಇನ್ನೊಬ್ಬರು, ಹೀಗೆ ಒಂದೇ ಚಳಿಗಾಲದಲ್ಲಿ ಅಂಕೋಲೆ ಇಬ್ಬರನ್ನೂ ಕಳೆದುಕೊಂಡಿತು. ಬುದ್ಧಿ ಎಂದರೆ ಅಂಕಪಟ್ಟಿ ಮಾತ್ರವಲ್ಲ ಎಂದು ಹೇಳಲು ಇವರಿಗಿಂತ ಹಿರಿಯ ಉದಾಹರಣೆ ನನಗೆ ಬೇಕಾಗಿಲ್ಲ. ಆದರೆ ಅದೇ ಉಸಿರಿನಲ್ಲಿ, ‘ನೋಡಿ, ಓದದೆಯೂ ಇಷ್ಟಾದರು’ ಎಂದು ಹೇಳಿ ಹಾಲಕ್ಕಿ ಕೇರಿಯ ಮಗುವಿನ ಓದಿನ ಹೊಣೆಯಿಂದ ನಾವು ಜಾರಿಕೊಳ್ಳುವುದನ್ನು ನಾನು ಒಪ್ಪಲಾರೆ. ಅವರಿಗೆ ಶಾಲೆ ಸಿಗಲಿಲ್ಲ. ಅದನ್ನು ಅವರ ಆಯ್ಕೆಯೆಂಬಂತೆ ಹೇಳುವುದು ತಪ್ಪು. ಕಾಡನ್ನು ಬಲ್ಲ ಮಗುವಿಗೆ ಕಾಡಿನಿಂದಲೇ ಪಾಠ ಆರಂಭಿಸೋಣ, ಮತ್ತು ಅದು ತಾನು ಬಲ್ಲ ಗಿಡದ ಬಗ್ಗೆ ಒಂದು ಪುಟ ಸ್ವತಃ ಬರೆಯುವವರೆಗೆ ಕೈಬಿಡದಿರೋಣ.

ಹುಡುಗನ ವಿಷಯವನ್ನು ಅರ್ಧಕ್ಕೆ ಬಿಟ್ಟಿದ್ದೆ. ಅವನ ತಾಯಿ ಬಂದುಹೋದ ಮರುದಿನ ನಾನು ಅವನಿಗೆ ಬಲೆ ಮತ್ತು ಸೂಜಿಯನ್ನು ತರಗತಿಗೇ ತರಲು ಹೇಳಿದೆ. ಹರಿದ ಕಣ್ಣನ್ನು ಹೇಗೆ ಸರಿಪಡಿಸುತ್ತೀ ಎಂದು ಮಾಡಿ ತೋರಿಸಿದ. ಎರಡನೆಯ ದಿನ ಕೈ ಕಟ್ಟಿಕೊಂಡು ಬಾಯಲ್ಲಿ ಮಾತ್ರ ಹೇಳಬೇಕಾಗಿತ್ತು. ಪಕ್ಕದ ಹುಡುಗ ಅವನು ಹೇಳಿದ ಹಾಗೆಯೇ ಮಾಡಬೇಕು. ಅದು ಅವನಿಗೆ ಬಹಳ ಕಷ್ಟವಾಯಿತು, ಏಕೆಂದರೆ ‘ಹೀಗೆ’ ಎಂಬ ಪದದ ಬದಲು ಮೇಲೆ, ಕೆಳಗೆ, ಎಡಕ್ಕೆ, ಸುತ್ತಿ, ಬಿಗಿದು ಎಂಬ ಪದಗಳನ್ನು ಅವನು ಹುಡುಕಬೇಕಾಯಿತು. ಮೂರನೆಯ ದಿನ ಅವನು ಹೇಳಿದ್ದನ್ನು ನಾನು ಹಲಗೆಯ ಮೇಲೆ ಬರೆದೆ. ಆ ಪದಗಳನ್ನೇ ಹಿಡಿದು ಒಂದು ವಾರ ಒತ್ತಕ್ಷರಗಳ ಅಭ್ಯಾಸ ನಡೆಯಿತು. ‘ಕಣ್ಣು’ ಎಂಬ ಪದವನ್ನು ಅವನು ಎಷ್ಟು ಸಲ ಬರೆದನೋ ಲೆಕ್ಕವಿಲ್ಲ. ಅನಂತರ ಹಲಗೆ ಒರೆಸಿ, ಬಲೆಯನ್ನು ಚೀಲದೊಳಗಿಡಿಸಿ, ಹಾಳೆ ಕೊಟ್ಟೆ.

ಅವನು ಎರಡು ಅವಧಿ ತೆಗೆದುಕೊಂಡು ಹತ್ತು ವಾಕ್ಯ ಬರೆದ. ಆರು ಕಡೆ ‘ಕಣ್ಣು’ ಬಂದಿತ್ತು, ಎರಡು ಕಡೆ ಮಾತ್ರ ಒತ್ತು ತಪ್ಪಿತ್ತು. ಎದ್ದು ನಿಂತು ಓದಿದಾಗ ಖಾರ್ವಿ ಕೇರಿಯ ಇನ್ನೊಬ್ಬ ಹುಡುಗ ಕೈ ಎತ್ತಿ, ಹರಿದ ಅಂಚನ್ನು ಮೊದಲು ಕತ್ತರಿಸಿ ಸಮ ಮಾಡಿಕೊಳ್ಳದೆ ಸೂಜಿ ಹಾಕಲು ಬರುವುದಿಲ್ಲ, ಅದನ್ನೇ ಬರೆದಿಲ್ಲವಲ್ಲ ಎಂದು ಹೇಳಿದ. ಅವನು ಒಂದು ಕ್ಷಣ ಹಾಳೆಯನ್ನು ನೋಡಿದ, ಹೌದೆಂದು ತಲೆಯಾಡಿಸಿದ, ಕುಳಿತುಕೊಂಡು ಮೊದಲ ವಾಕ್ಯದ ಮೇಲಿನ ಖಾಲಿ ಜಾಗದಲ್ಲಿ ಚಿಕ್ಕ ಅಕ್ಷರಗಳಲ್ಲಿ ಹನ್ನೊಂದನೆಯದನ್ನು ಬರೆಯತೊಡಗಿದ.